ಹೆಸರರಿಯದ ಗಿಡದ ಗುರುತು

ಹೊಲದ ಬದುವಿನಲ್ಲಾಗಲಿ ಗುಡ್ಡದ ಕುರುಚಲಿನಲ್ಲಾಗಲಿ ಹಿಂದೆ ಕಂಡಿರದ ಗಿಡವೊಂದು ಎದುರಾದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ಜೊತೆಯಲ್ಲಿದ್ದವರನ್ನು ಕೇಳಿ, ಅವರು ಹೇಳಿದ ಹೆಸರನ್ನು ಒಪ್ಪಿಕೊಂಡು ಮುಂದೆ ನಡೆಯುತ್ತೇವೆ. ಇಲ್ಲವೆ ‘ಯಾವುದೋ ಕಾಡುಗಿಡ’ ಎಂದು ಬಿಟ್ಟುಬಿಡುತ್ತೇವೆ. ಈ ಎರಡರಿಂದಲೂ ಗಿಡದ ಪರಿಚಯವಾಗುವುದಿಲ್ಲ. ಗುರುತು ಹಿಡಿಯುವುದೆಂದರೆ ಗಿಡವು ತೋರುವ ಹಲವು ಲಕ್ಷಣಗಳನ್ನು ಒಂದಕ್ಕೊಂದು ತಾಳೆ ನೋಡಿ ನಿರ್ಣಯಕ್ಕೆ ಬರುವುದು. ತಾಳೆಯಾಗದಿದ್ದರೆ ನಿರ್ಣಯವನ್ನು ಮುಂದಕ್ಕೆ ಹಾಕುವುದು. ಪ್ರೌಢಶಾಲೆಯ ಮಕ್ಕಳಿಗೂ ಈ ವಿದ್ಯೆಯನ್ನು ಕಲಿಸಬಹುದಾಗಿದೆ. ಅದಕ್ಕೆ ಬೇಕಾದ ಸಲಕರಣೆ ಒಂದು ಸಣ್ಣ ಭೂತಗನ್ನಡಿ, ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಮಾತ್ರ. ಆದರೆ ಕಲಿಸುವ ಅಧ್ಯಾಪಕರಿಗೆ ಇದರ ಮಹತ್ವ ಮನದಟ್ಟಾಗಿರಬೇಕು; ಏಕೆಂದರೆ ಗಿಡದ ಗುರುತು ತಪ್ಪಿದರೆ ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಕೇಳಿದ ಹೆಸರಿನ ಮೇಲೆಯೇ ಭಾರ ಹಾಕಿದರೆ ಏನಾಗಬಹುದೆಂಬುದಕ್ಕೆ ‘ಗೇರು’ ಒಳ್ಳೆಯ ನಿದರ್ಶನ. ಕರಾವಳಿಯವರಿಗೆ ಗೇರು ಎಂದರೆ ಗೋಡಂಬಿಯ ಮರ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬ್ರೆಜಿಲಿನಿಂದ ಬಂದು ನಮ್ಮ ನೆಲಕ್ಕೆ ಒಗ್ಗಿದ ಮರ ಅದು. ಒಳನಾಡಿನ ಒಣಕಾಡುಗಳ ಜನರಿಗೆ ಗೇರು ಎಂದರೆ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಸಂಸ್ಕೃತದ ಭಲ್ಲಾತಕ. ಇದರ ಕಾಯಿಯ ಸಿಪ್ಪೆಯಲ್ಲಿರುವ ರಸವು ಚರ್ಮಕ್ಕೆ ತಗುಲಿದರೆ ಬೊಬ್ಬೆಗಳೇಳುತ್ತವೆ. ಎರಡೂ ಮಾವಿನ ಕುಟುಂಬದವು. ಎರಡರಲ್ಲಿಯೂ ಕಾಯಿಯ ತೊಟ್ಟು ಉಬ್ಬಿ ಬಣ್ಣ ತುಂಬಿ ಹಣ್ಣಿನಂತೆ ಕಾಣುತ್ತದೆ. ಆದ್ದರಿಂದ ‘ಗೇರುಹಣ್ಣು’ ಎಂಬ ಮಾತನ್ನು ಕೇಳಿದಷ್ಟಕ್ಕೇ ಕೈ ಚಾಚುವುದು ಅಪಾಯಕರ. ಗೋಡಂಬಿಯ ಬೀಜ ಬಾಗಿದೆ; ಕರಿಗೇರಿನ ಕಾಯಿ ಹೃದಯಾಕಾರವಾಗಿ, ಬಲಿತಾಗ ಕರ್ರಗೆ ಹೊಳೆಯುತ್ತದೆ. ಕರಿಗೇರಿನ ಎಲೆ ಬಹು ದೊಡ್ಡದು, ಕೆಳಮೈ ಮಾಸಲು ಬಿಳುಪು. ಮಲೆನಾಡಿಗೆ ಹೋದರೆ ಇದೇ ಕುಟುಂಬದ ಹೊಲಗೇರು ಎದುರಾಗುತ್ತದೆ. ಅದರ ಎಲೆಯ ತೊಟ್ಟಿನ ಮೇಲೆ ಎರಡು ಪುಟ್ಟ ಮೊನೆಗಳಿರುತ್ತವೆ. ಇವನ್ನು ಬಲ್ಲವನು ಆ ಮರದ ಕಾಂಡಕ್ಕೆ ಒರಗಿ ಕುಳಿತುಕೊಳ್ಳುವುದಿಲ್ಲ. ಗಾಯವಾದ ತೊಗಟೆಯಿಂದ ಒಸರಿ ಕಪ್ಪಗಾಗುವ ರಸ ಮೈಗೆ ತಗುಲಿದರೆ ಹುಣ್ಣು ತಪ್ಪಿದ್ದಲ್ಲ.

ಹೆಸರು ಒಂದೇ ಆದರೂ ಸಂಬಂಧವಿಲ್ಲದಿರುವುದೂ ಉಂಟು. ಬೇವು, ಹೆಬ್ಬೇವು, ಹುಚ್ಚುಬೇವು, ಕರಿಬೇವು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮೊದಲ ಮೂರು ನಿಜವಾಗಿ ಒಂದೇ ಕುಟುಂಬದವು. ಬೇವಿನ ಎಲೆಯ ದಂಟು ಕವಲೊಡೆಯದೆ, ಅದರ ಎರಡು ಪಕ್ಕದಲ್ಲಿ ಕುಡುಗೋಲಿನಂತೆ ಬಾಗಿದ ಕಿರುಎಲೆಗಳನ್ನು ನೇರವಾಗಿ ಹೊರುತ್ತದೆ. ಹೆಬ್ಬೇವು, ಹುಚ್ಚುಬೇವುಗಳ ದಂಟು ಮತ್ತೆ ಕವಲೊಡೆದು, ಆ ಕವಲುಗಳು ಕಿರುಎಲೆಗಳನ್ನು ಹೊರುತ್ತವೆ. ಬೇವಿನ ಹೂ ಬಿಳಿ, ಹುಚ್ಚುಬೇವಿನದು ತಿಳಿನೇರಳೆ. ಹುಚ್ಚುಬೇವಿನ ಹಣ್ಣು ಮನುಷ್ಯರಿಗೂ ದನಕರುಗಳಿಗೂ ವಿಷವಾದುದರಿಂದ ಈ ಭೇದ ಪಾಠಪುಸ್ತಕದ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ. ಕರಿಬೇವಿನ ಮನೆತನವೇ ಬೇರೆ. ಅದರ ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿದು ಗಾಜಿನಲ್ಲಿ ನೋಡಿದರೆ ಸೂಜಿಮೊನೆಯಷ್ಟು ಸಣ್ಣ, ಬೆಳಕು ಹಾಯುವ ಚುಕ್ಕೆಗಳು ಕಾಣುತ್ತವೆ. ಅವು ಪರಿಮಳತೈಲದ ಗ್ರಂಥಿಗಳು. ನಿಂಬೆಯ ಎಲೆಯಲ್ಲಿಯೂ ಇವೇ ಚುಕ್ಕೆಗಳಿವೆ. ಕರಿಬೇವು ನಿಂಬೆಯ ಬಂಧು.

ಇನ್ನು ‘ಬನ್ನಿ’ಯ ವಿಚಾರ. ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರವಾಗಿರೋಣ ಎನ್ನುವ ನಾವು ಎಲ್ಲರೂ ಒಂದೇ ಮರದ ಎಲೆಯನ್ನು ಕೊಡುತ್ತಿಲ್ಲ. ಕನ್ನಡ ನಾಡಿನಲ್ಲಿ ಕನಿಷ್ಠ ಎರಡು ಮರಗಳಿಗೆ ಈ ಹೆಸರು ನಡೆಯುತ್ತದೆ: ಒಂದು ಪ್ರೊಸೋಪಿಸ್ ಸಿನೆರೇರಿಯ, ಇನ್ನೊಂದು ಅಕೇಸಿಯ ಫೆರುಜೀನಿಯ. ಮೊದಲನೆಯದರ ಮುಳ್ಳುಗಳು ನೆಟ್ಟಗಿದ್ದು, ರೆಂಬೆಯ ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ. ಎಲೆಯ ದಂಟಿನಲ್ಲಿ ಒಂದರಿಂದ ಮೂರು ಜೊತೆ ಕವಲುಗಳು ಮಾತ್ರ. ಎರಡನೆಯದರ ಮುಳ್ಳುಗಳು ಗೆಣ್ಣಿನ ಬಳಿ ಜೋಡಿಯಾಗಿ ಕೊಕ್ಕೆಯಂತೆ ಬಾಗಿವೆ. ಎಲೆಯ ಕವಲುಗಳು ಹೆಚ್ಚು. ಹೂವು ಬಿಟ್ಟಾಗಲಂತೂ ಸಂದೇಹವೇ ಉಳಿಯದು: ಒಂದರ ಹೂವಿನಲ್ಲಿ ಹತ್ತೇ ಕೇಸರ, ಇನ್ನೊಂದರಲ್ಲಿ ಎಣಿಸಲಾಗದಷ್ಟು. ಮಹಾರಾಷ್ಟ್ರದಲ್ಲಿ ಆ ದಿನ ಹಂಚುವುದು ಇವೆರಡೂ ಅಲ್ಲದ, ಇಬ್ಭಾಗವಾದ ಎಲೆಯ ಆಪಟಾ. ಯಾವುದು ‘ನಿಜವಾದ’ ಬನ್ನಿ ಎಂಬ ವಾದಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಊರಿನವರು ಯಾವುದನ್ನು ಬನ್ನಿ ಎಂದು ಪೂಜಿಸುತ್ತಾರೋ ಅದು ಅವರಿಗೆ ಬನ್ನಿಯೇ ಸರಿ. ಆದರೆ ಬನ್ನಿಯ ಸಸಿ ನೆಡಲು ಹೊರಟವರು ಯಾವ ಬನ್ನಿಯೆಂದು ಮೊದಲು ತಿಳಿದುಕೊಳ್ಳುವುದು ಮೇಲು. ಇಲ್ಲವಾದರೆ ಮೊದಲನೆಯದರ ವಿದೇಶೀ ದಾಯಾದಿಯಾದ ಬಳ್ಳಾರಿ ಜಾಲಿಯೇ ಬಂದು ಆವರಣದಲ್ಲಿ ನೆಲೆನಿಂತೀತು. ಒಮ್ಮೆ ನಿಂತ ಮೇಲೆ ಅದನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದು ನಮ್ಮ ಕೆರೆಯಂಗಳಗಳು ಹೇಳುತ್ತಿವೆ.

ಹೀಗೆ ಹೆಸರು ಕೈಕೊಡುವಲ್ಲಿ ಎಲೆಯು ಕೈ ಹಿಡಿಯುತ್ತದೆ. ಹೂವು ಕಾಯಿಗಳೇ ಮುಖ್ಯ ಆಧಾರವೆಂಬುದು ಶಾಸ್ತ್ರದ ಮಾತು. ಲಿನೇಯಸ್ ೧೭೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳನ್ನು ವಿಂಗಡಿಸಿದ್ದೂ ಕೇಸರ ಶಲಾಕೆಗಳ ಎಣಿಕೆಯಿಂದಲೇ. ಆದರೆ ವರುಷದ ಬಹುಕಾಲ ಮರಗಳು ಹೂವಿಲ್ಲದೆ ನಿಂತಿರುತ್ತವೆ. ಆದುದರಿಂದ ಮೊದಲ ಪಾಠ ಎಲೆಯದೇ ಆಗಬೇಕು, ಅದರಲ್ಲಿಯೂ ಒಂದು ಪ್ರಶ್ನೆಯಿಂದ ಆರಂಭವಾಗಬೇಕು: ಕೈಯಲ್ಲಿರುವುದು ಎಲೆಯೋ, ಎಲೆಯ ಒಂದು ತುಣುಕೋ? ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಿನಲ್ಲಿ ಒಂದು ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ಮೊಗ್ಗನ್ನು ಹುಡುಕಿದರೆ ಸರಳ ಎಲೆಯಾವುದು, ಹಲವು ಕಿರುಎಲೆಗಳ ಸಂಯುಕ್ತ ಎಲೆಯಾವುದು ಎಂಬುದು ತಾನೇ ತಿಳಿಯುತ್ತದೆ.

ಈ ಒಂದೇ ಪರೀಕ್ಷೆಯಿಂದ ನಾಡಿನ ದೊಡ್ಡದೊಂದು ಗೊಂದಲ ಬಗೆಹರಿಯುತ್ತದೆ. ಶಾಲೆ ಕಾಲೇಜುಗಳ ದಾರಿಯ ಇಕ್ಕೆಲಗಳಲ್ಲಿ ಕಂಬದಂತೆ ನೆಟ್ಟಗೆ ಬೆಳೆದು, ಕೊಂಬೆಗಳನ್ನು ಕೆಳಕ್ಕೆ ಇಳಿಬಿಟ್ಟು ನಿಲ್ಲುವ ಮರವನ್ನು ಎಲ್ಲರೂ ಅಶೋಕವೆನ್ನುತ್ತಾರೆ. ಅದರ ಎಲೆ ಸರಳ, ಅಂಚು ಅಲೆಅಲೆ. ಅದು ಸೀತಾಫಲದ ಕುಟುಂಬದ್ದು. ಕಾವ್ಯಗಳ ಅಶೋಕ, ವೈದ್ಯರ ಅಶೋಕ ಬೇರೆ. ಅದರ ಎಲೆ ಸಂಯುಕ್ತ. ಎಳೆಯ ಎಲೆಗಳು ತಾಮ್ರವರ್ಣದಲ್ಲಿ ಸೋತಂತೆ ಜೋತುಬಿದ್ದಿರುತ್ತವೆ. ಹೂಗೊಂಚಲು ಕಿತ್ತಳೆ ಬಣ್ಣದಿಂದ ಕೆಂಪಿಗೆ ತಿರುಗುತ್ತದೆ. ಹುಣಸೆಯಂತೆ ಕೋಡು ಬಿಡುತ್ತದೆ. ಪಶ್ಚಿಮಘಟ್ಟದ ತೊರೆಗಳ ಬಳಿ ಅದರ ನೆಲೆ. ಅದರ ತೊಗಟೆಗೆ ಔಷಧಿಯ ಪೇಟೆಯಲ್ಲಿ ಬೇಡಿಕೆಯುಂಟು. ಅದರ ಹೆಸರಿನಲ್ಲಿ ಮೊದಲು ಹೇಳಿದ ಮರದ ತೊಗಟೆಯೂ ಮಾರಾಟವಾಗುತ್ತದೆ. ಹೀಗಾಗಿ ಒಂದು ಕಡೆ ರೋಗಿಗೆ ಮೋಸ. ಇನ್ನೊಂದು ಕಡೆ ತೊಗಟೆ ಸುಲಿದು ಸುಲಿದು ನಿಜವಾದ ಅಶೋಕಕ್ಕೆ ಕ್ಷಯ. ಹಿರಿಯರ ಸ್ಮರಣಾರ್ಥ ಅಶೋಕದ ಸಾಲು ನೆಡಿಸಬೇಕೆಂದು ಮುಂದೆ ಬರುವ ದಾನಿಗಳು ಸಸಿಯ ಒಂದೆಲೆಯನ್ನು ಎತ್ತಿ ನೋಡಿದರೆ ಸಾಕು, ತಾವು ಏನನ್ನು ನೆಡಿಸುತ್ತಿದ್ದೇವೆಂದು ತಿಳಿದೀತು. ನೆರಳಿಗೂ ಅಂದಕ್ಕೂ ಕಂಬದ ಮರವೇ ಸಾಕೆನ್ನುವುದಾದರೆ ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಹಲಗೆಯ ಮೇಲೆ ಅಶೋಕವೆಂದು ಬರೆಯಬಾರದಷ್ಟೆ.

ಮೊಗ್ಗಿನ ಪರೀಕ್ಷೆಯನ್ನು ಕಲಿತ ವಿದ್ಯಾರ್ಥಿಯನ್ನು ಮುಂದೆ ನೆಲ್ಲಿಯ ಮರದ ಬುಡಕ್ಕೆ ಕರೆದೊಯ್ಯಬೇಕು. ಮೇಲ್ನೋಟಕ್ಕೆ ಅದು ಹುಣಸೆಯಂತೆ ಸಂಯುಕ್ತ ಎಲೆ. ಆದರೆ ಕಾಯಿಗಳು ಎಲ್ಲಿ ಅಂಟಿಕೊಂಡಿವೆಯೆಂದು ನೋಡಲಿ. ಆ ‘ಕಿರುಎಲೆ’ಗಳ ಕಂಕುಳಿನಲ್ಲಿ! ಎಲೆಯ ದಂಟಿನ ಮೇಲೆ ಕಾಯಿ ಬಿಡುವುದುಂಟೆ? ಅಂದಮೇಲೆ ನಾವು ದಂಟೆಂದು ತಿಳಿದದ್ದು ಒಂದು ಸಣ್ಣ ರೆಂಬೆ; ಕಿರುಎಲೆಗಳೆಂದು ತಿಳಿದವು ಪೂರ್ಣ ಎಲೆಗಳು. ಆ ರೆಂಬೆಯೇ ಎಲೆಯಂತೆ ಕಾಲಕ್ಕೆ ಉದುರುವುದರಿಂದ ಮೋಸ ಇನ್ನೂ ಪೂರ್ಣವಾಗಿದೆ. ತರಗತಿಯ ಕರಿಹಲಗೆಯ ಮೇಲೆ ಗಂಟೆಗಟ್ಟಲೆ ಚಿತ್ರ ಬರೆದರೂ ಆಗದ ಬೋಧೆ ಆ ಮರದ ಕೆಳಗೆ ಐದು ನಿಮಿಷದಲ್ಲಿ ಆಗುತ್ತದೆ.

ನಮ್ಮಲ್ಲಿ ಪೂಜೆಗೆ ಪತ್ರೆ ತರುವುದು ಮಕ್ಕಳ ಕೆಲಸ. ಬಿಲ್ವಕ್ಕೆ ಮೂರು ದಳವೆಂದು ಅವರಿಗೆ ಗೊತ್ತು. ಆದರೆ ಮೂರು ದಳವಿದ್ದದ್ದೆಲ್ಲ ಬಿಲ್ವವಲ್ಲ. ಹೊಳೆಯ ದಂಡೆಯ ವರುಣ ವೃಕ್ಷಕ್ಕೂ ಮೂರು ದಳ, ಮುತ್ತುಗಕ್ಕೂ ಮೂರು. ಮುತ್ತುಗದ ದಳ ಊಟದ ಎಲೆ ಹಚ್ಚುವಷ್ಟು ಅಗಲವಾದುದರಿಂದ ಅಲ್ಲಿ ಭ್ರಾಂತಿಗೆ ಎಡೆಯಿಲ್ಲ, ವರುಣದಲ್ಲಿ ಇದೆ. ವರುಣದ ಮೂರು ದಳಗಳೂ ದಂಟಿನ ಒಂದೇ ತುದಿಯಿಂದ ಹೊರಡುತ್ತವೆ. ಬಿಲ್ವದ ನಡುದಳಕ್ಕೆ ಉಳಿದೆರಡಕ್ಕಿಂತ ಉದ್ದವಾದ ತೊಟ್ಟಿದೆ. ಬಿಲ್ವದ ರೆಂಬೆಯಲ್ಲಿ ಮುಳ್ಳಿದೆ, ವರುಣದಲ್ಲಿ ಇಲ್ಲ. ಬಿಲ್ವದ ದಳವನ್ನು ಹೊಸಕಿದರೆ ಪರಿಮಳ. ಬೆಳಕಿಗೆ ಹಿಡಿದರೆ ಕರಿಬೇವಿನಲ್ಲಿ ಕಂಡ ಅದೇ ಚುಕ್ಕೆಗಳು. ಬಿಲ್ವ, ಬೇಲ, ಕರಿಬೇವು, ನಿಂಬೆ ನಾಲ್ಕೂ ಒಂದೇ ಕುಟುಂಬದವೆಂದು ಆ ಚುಕ್ಕೆಗಳು ಸಾಕ್ಷಿ ಹೇಳುತ್ತವೆ. ದಳದ ಎಣಿಕೆ, ಅದರ ಜೋಡಣೆ, ಮುಳ್ಳು, ವಾಸನೆ, ಚುಕ್ಕೆ ಎಂಬ ಐದು ಲಕ್ಷಣ ಒಟ್ಟಾಗಿ ನಿಂತಾಗ ಗುರುತು ಗಟ್ಟಿಯಾಯಿತೆನ್ನಬೇಕು, ಮೊದಲನೆಯದೊಂದನ್ನೇ ನಂಬಬಾರದು.

ಒಂದೇ ಲಕ್ಷಣವನ್ನು ನಂಬುವುದು ಎಷ್ಟು ಗಂಡಾಂತರದ್ದೆಂಬುದನ್ನು ಕಾಸರಕ ತೋರಿಸುತ್ತದೆ. ಅದರ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ನುಣುಪಾದ ಎಲೆಯ ಬುಡದಿಂದಲೇ ಮೂರು ಅಥವಾ ಐದು ದಪ್ಪ ನರಗಳು ತುದಿಯ ಕಡೆಗೆ ಓಡುತ್ತವೆ. ಬುಡದಿಂದ ಹೊರಡುವ ನರ ಬೋರೆಯಲ್ಲಿಯೂ ಇದೆ. ಆದರೆ ಬೋರೆಯ ಎಲೆಗಳು ಒಂದಾದ ಮೇಲೊಂದು ಬರುತ್ತವೆ, ಮುಳ್ಳಿನ ಜೊತೆಯಿರುತ್ತದೆ. ದಾಲ್ಚಿನ್ನಿಯಲ್ಲಿಯೂ ಇದೆ, ಅದರ ಎಲೆಗೆ ಮಸಾಲೆಯ ಕಂಪು. ಕಾಸರಕದ ಹಣ್ಣು ಪುಟ್ಟ ಕಿತ್ತಳೆಯಂತೆ ದುಂಡಗೆ, ಬಣ್ಣಬಣ್ಣವಾಗಿ, ಮಗುವಿನ ಕಣ್ಣನ್ನು ಸೆಳೆಯುವಂತಿರುತ್ತದೆ. ಒಳಗೆ ರೇಷ್ಮೆಯಂಥ ರೋಮ ಹೊದ್ದ ಬಿಲ್ಲೆಯಾಕಾರದ ಬೀಜಗಳು. ಅವುಗಳಲ್ಲಿರುವುದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಆಶ್ಚರ್ಯದ ಸಂಗತಿಯೆಂದರೆ, ನಮ್ಮ ಒಣಕಾಡುಗಳ ಚಿಲ್ಲದ ಮರ ಇದರ ಒಡಹುಟ್ಟು. ಎರಡೂ ಸ್ಟ್ರಿಕ್ನಾಸ್ ಎಂಬ ಒಂದೇ ಜಾತಿಯವು. ಎಲೆಯ ನರವಿನ್ಯಾಸದಲ್ಲಿ ಅಕ್ಕತಂಗಿಯರಂತಿವೆ. ಚಿಲ್ಲದ ಬೀಜವನ್ನಾದರೋ ಹಿಂದಿನವರು ಮಡಕೆಯ ಒಳಮೈಗೆ ಉಜ್ಜಿ, ಕೆಸರು ನೀರನ್ನು ತಿಳಿಗೊಳಿಸಿ ಕುಡಿಯುತ್ತಿದ್ದರು. ಬೀಜದಿಂದ ಇಳಿಯುವ ಅಂಟು ಮಣ್ಣಿನ ಕಣಗಳನ್ನು ಕೂಡಿಸಿ ತಳಕ್ಕೆ ಇಳಿಸುತ್ತದೆ. ಅದರ ಹಣ್ಣು ಸಣ್ಣದು, ಬಲಿತಾಗ ಕಪ್ಪು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಒಂದು ಕುಡಿಯುವ ನೀರನ್ನು ತಿಳಿಮಾಡುತ್ತದೆ, ಇನ್ನೊಂದು ಪ್ರಾಣ ತೆಗೆಯುತ್ತದೆ. ಎಲೆಯೊಂದನ್ನೇ ಹಿಡಿದು ಹೊರಟವನಿಗೆ ಇವೆರಡರ ನಡುವಣ ಅಂತರ ಕಾಣದೆ ಹೋಗಬಹುದು.

ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬುವ ಗೌರಿಹೂವಿನ ಬಳ್ಳಿಯನ್ನೂ ಇಲ್ಲಿಯೇ ಹೇಳಬೇಕು. ಕೆಂಪು ಹಳದಿಯ ಜ್ವಾಲೆಯಂಥ ಅದರ ಹೂವನ್ನು ನೋಡಿದವರು ಮರೆಯುವುದಿಲ್ಲ. ಅಗ್ನಿಶಿಖೆಯೆಂಬ ಹೆಸರು ಅದಕ್ಕೆ ಅನ್ವರ್ಥ. ಅಪಾಯವಿರುವುದು ಹೂವು ಬಾಡಿಹೋದ ಮೇಲೆ. ನೆಲದಡಿಯ ಅದರ ಗೆಡ್ಡೆಯನ್ನು ಕಾಡುಗೆಣಸೆಂದು ಅಗೆದು ತಿಂದರೆ ಕಾಲ್ಚಿಸೀನ್ ಎಂಬ ವಿಷದಿಂದ ಸಾವೇ ಸಂಭವಿಸಬಹುದು. ಎಲೆಯ ತುದಿಯನ್ನು ನೋಡಿದರೆ ಸಾಕು: ಗೌರಿಹೂವಿನ ಎಲೆಯ ತುದಿ ನೀಳವಾಗಿ ಸುರುಳಿಸುತ್ತಿ, ಆಸರೆಯನ್ನು ಹಿಡಿದುಕೊಳ್ಳುವ ಕುಡಿಬಳ್ಳಿಯಾಗಿರುತ್ತದೆ. ಗೆಣಸಿನ ಬಳ್ಳಿಗಳಲ್ಲಿ ಇದು ಎಂದೂ ಇಲ್ಲ; ಅವು ಬಳ್ಳಿಯ ಮೈಯನ್ನೇ ಆಸರೆಗೆ ಸುತ್ತಿಕೊಂಡು ಏರುತ್ತವೆ. ಗೆಡ್ಡೆಯೂ ನೇಗಿಲಿನಂತೆ ಮೂಲೆ ಮುರಿದಿರುತ್ತದೆ. ಸಂಸ್ಕೃತದವರು ಈ ಬಳ್ಳಿಯನ್ನು ಲಾಂಗಲೀ ಎಂದದ್ದು ಇದನ್ನು ಕಂಡೇ. ಎಲೆ ಒಣಗಿ ಬಿದ್ದುಹೋದ ಕಾಲದಲ್ಲಿ ಗುರುತಿಲ್ಲದ ಯಾವ ಗೆಡ್ಡೆಯನ್ನೂ ಬಾಯಿಗಿಡಬಾರದೆಂಬ ಕಟ್ಟುನಿಟ್ಟನ್ನು ಮಕ್ಕಳಲ್ಲಿ ಬೆಳೆಸಬೇಕು.

ನಾಲಗೆಗೆ ನಿಷೇಧ ಹೇಳಿದ್ದಾಯಿತು. ಮೂಗಿಗೆ ಸ್ವಾತಂತ್ರ್ಯವಿದೆ, ಆದರೆ ಅದನ್ನೂ ಅತಿಯಾಗಿ ನಂಬುವಂತಿಲ್ಲ. ಶ್ರೀಗಂಧದ ಗಿಡವನ್ನು ವಾಸನೆಯಿಂದ ಹುಡುಕಹೊರಟವನು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾನೆ. ಎಲೆಯಲ್ಲಿ ಗಂಧವಿಲ್ಲ, ಹೊರಮರದಲ್ಲಿ ಇಲ್ಲ. ಪರಿಮಳವೆಲ್ಲ ಬಲಿತ ಚೇಗಿನಲ್ಲಿ, ಬೇರಿನಲ್ಲಿ. ಎದುರುಬದುರು ಜೋಡಿ ಎಲೆ, ಹಸಿರಿನಿಂದ ಕೆನ್ನೀಲಿಗೆ ತಿರುಗುವ ಗುಂಡುಹಣ್ಣು ಇವೇ ಅದರ ಗುರುತು. ಅದು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಾಗಿಸಿ ಆಹಾರ ಹೀರುವ ಅರೆಪರಾವಲಂಬಿಯೆಂಬುದು ಮೇಲೆ ನಿಂತು ನೋಡಿದರೆ ತಿಳಿಯದ ಸಂಗತಿ. ಮಾವಿನ ಮರದಲ್ಲಿ ಮಾವಿನದಲ್ಲದ ಎಲೆಯ ಒಂದು ಕೊಂಬೆ ಕಂಡು ಬೆರಗಾದವರಿಗೂ ಇಲ್ಲಿಯೇ ಉತ್ತರ ಹೇಳಿಬಿಡಬಹುದು: ಅದು ಬಂದಳಿಕೆ, ಮೇಲೆ ಕುಳಿತು ಹೀರುವ ಇನ್ನೊಂದು ಅರೆಪರಾವಲಂಬಿ.

ತೊಗಟೆಯನ್ನು ಓದಲು ಬಲ್ಲವನಿಗೆ ಎಲೆ ಉದುರಿದ ಕಾಡೂ ಮೂಕವಲ್ಲ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿರುತ್ತದೆ. ಅದರ ಬಂಧುವಾದ ಹೊಳೆಮತ್ತಿಯದು ನುಣುಪು, ಬಿಳುಪು. ಹೊನ್ನೆಗೆ ಗಾಯವಾದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ. ಹಾಗೆಂದು ಗುರುತಿನ ನೆಪದಲ್ಲಿ ಕಂಡಕಂಡ ಮರಕ್ಕೆ ಮಚ್ಚು ಹಾಕಬಾರದು. ಒಂದು ಎಲೆ ಕಿತ್ತರೂ ಹಾಲು ಬರುವುದೋ ಇಲ್ಲವೋ ತಿಳಿಯುತ್ತದೆ. ಬೂರುಗ, ಮುತ್ತುಗಗಳು ಎಲೆ ಕಳಚಿ ಮೈತುಂಬ ಹೂ ಹೊತ್ತು ನಿಲ್ಲುವ ಮಾಘ ಫಾಲ್ಗುಣಗಳಲ್ಲಿ ಒಮ್ಮೆ, ಅದೇ ಮರಗಳು ಹಸಿರು ತುಂಬಿರುವ ಶ್ರಾವಣದಲ್ಲಿ ಒಮ್ಮೆ ವಿದ್ಯಾರ್ಥಿಗಳನ್ನು ಅದೇ ದಾರಿಯಲ್ಲಿ ಕರೆದೊಯ್ಯಬೇಕು.

ಗ್ರಂಥಗಳ ನೆರವೂ ಬೇಕು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳ ಸಸ್ಯಗಳು ಥಿಯೊಡೋರ್ ಕುಕ್ ಅವರು ೧೯೦೧ರಿಂದ ೧೯೦೮ರವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳಲ್ಲಿಯೂ, ಬಳ್ಳಾರಿ, ದಕ್ಷಿಣ ಕನ್ನಡಗಳವು ಗ್ಯಾಂಬಲ್ ಅವರು ಆರಂಭಿಸಿದ ಮದರಾಸು ಪ್ರಾಂತದ ಸಂಪುಟಗಳಲ್ಲಿಯೂ ಸೇರಿವೆ. ಸೆಸಿಲ್ ಸಲ್ಡಾನ್ಹ ಅವರು ನಿಕೊಲ್ಸನ್ ಅವರೊಡನೆ ೧೯೭೬ರಲ್ಲಿ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನೂ, ೧೯೮೪ ಮತ್ತು ೧೯೯೬ರಲ್ಲಿ ಕರ್ನಾಟಕದ ಸಸ್ಯಗ್ರಂಥದ ಎರಡು ಸಂಪುಟಗಳನ್ನೂ ಕೊಟ್ಟರು. ಇವೆಲ್ಲ ಇಂಗ್ಲಿಷಿನವು, ಶಾಸ್ತ್ರಪರಿಭಾಷೆಯಿಂದ ಬಿಗಿದವು. ಕನ್ನಡದ ಓದುಗನಿಗೆ ಈ ವಿದ್ಯೆಯಲ್ಲಿ ರುಚಿ ಹುಟ್ಟಿಸಿದ ಕೀರ್ತಿ ಡಾ. ಬಿ. ಜಿ. ಎಲ್. ಸ್ವಾಮಿಯವರಿಗೆ ಸಲ್ಲಬೇಕು. ಶಿಷ್ಯರೊಡನೆ ಪಶ್ಚಿಮಘಟ್ಟಗಳಲ್ಲಿ ಅಲೆದ ಅನುಭವದಿಂದ ಮೂಡಿದ ಅವರ ‘ಹಸುರು ಹೊನ್ನು’ ೧೯೭೬ರಲ್ಲಿ ಪ್ರಕಟವಾಗಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ನಗುನಗುತ್ತಲೇ ಸಸ್ಯಶಾಸ್ತ್ರವನ್ನು ಕಲಿಸುವ ಅಂಥ ಪುಸ್ತಕ ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ.

ಈಗ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಹೇಳುವ ಸೌಕರ್ಯ ಬಂದಿದೆ. ಅದನ್ನು ಹಳಿಯಬೇಕಾದ್ದಿಲ್ಲ. ಆದರೆ ಫೋನು ಎಲೆಯನ್ನು ಹೊಸಕಿ ಮೂಸುವುದಿಲ್ಲ, ಬೆಳಕಿಗೆ ಹಿಡಿಯುವುದಿಲ್ಲ, ಕಂಕುಳಿನ ಮೊಗ್ಗನ್ನು ಹುಡುಕುವುದಿಲ್ಲ. ಎದುರಿಗೆ ಹಿಡಿದ ಚಿತ್ರಕ್ಕೆ ಹೋಲುವ ಇನ್ನೊಂದು ಚಿತ್ರವನ್ನು ತೋರಿಸುತ್ತದೆ. ಅದು ಹೇಳಿದ ಹೆಸರನ್ನು ದಾರಿಹೋಕರು ಹೇಳಿದ ಹೆಸರಿನಂತೆಯೇ ಭಾವಿಸಿ, ಮೇಲಿನ ಲಕ್ಷಣಗಳಿಂದ ಒರೆಹಚ್ಚಿ ನೋಡತಕ್ಕದ್ದು. ತಿನ್ನುವ, ಕುಡಿಯುವ, ಹಚ್ಚಿಕೊಳ್ಳುವ ವಿಷಯದಲ್ಲಿ ಅದರ ಮಾತೊಂದೇ ಎಂದಿಗೂ ಸಾಲದು.

ಇನ್ನು ಶಾಲೆಯಲ್ಲಿ ಮಾಡಬಹುದಾದ ಕೆಲಸ. ಹೂವೋ ಕಾಯಿಯೋ ಇರುವ ಒಂದು ಸಣ್ಣ ರೆಂಬೆಯನ್ನು ಹಳೆಯ ವೃತ್ತಪತ್ರಿಕೆಗಳ ನಡುವೆ ಹರಡಿ, ಮೇಲೆ ಭಾರವಿಟ್ಟು, ಒಣಗುವವರೆಗೆ ದಿನವೂ ಕಾಗದ ಬದಲಿಸಬೇಕು. ಮಳೆಗಾಲದಲ್ಲಿ ಬದಲಿಸದಿದ್ದರೆ ಬೂಷ್ಟು ಹಿಡಿಯುವುದು ಖಂಡಿತ. ಒಂದೆರಡೇ ಉಳಿದಿರುವ ಅಪರೂಪದ ಗಿಡವನ್ನು ಕೀಳದೆ ಚಿತ್ರ ಬರೆದುಕೊಳ್ಳಬೇಕು. ಒಣಗಿದ ರೆಂಬೆಯನ್ನು ಸುಮಾರು ೪೨ ಸೆಂಟಿಮೀಟರ್ ಉದ್ದ, ೨೯ ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಹೊಲಿದು, ಕೆಳಗಿನ ಮೂಲೆಯಲ್ಲಿ ಚೀಟಿ ಅಂಟಿಸುವುದು ಪದ್ಧತಿ. ಚೀಟಿಯಲ್ಲಿ ಒಣಗಿದಾಗ ಅಳಿಸಿಹೋಗುವ ಸಂಗತಿಗಳು ಮೊದಲು ಇರಬೇಕು: ಹೂವಿನ ಬಣ್ಣ, ವಾಸನೆ, ಹಾಲು ಅಥವಾ ಅಂಟು, ಮರದ ಎತ್ತರ, ತೊಗಟೆಯ ಬಗೆ. ಆಮೇಲೆ ಸ್ಥಳ, ದಿನಾಂಕ.

ಊರಿನ ಹಿರಿಯರು, ಕುರಿ ಕಾಯುವವರು ಹೇಳಿದ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆಯಬೇಕು. ‘ಶುದ್ಧ’ ಮಾಡಲು ಹೋಗಬಾರದು. ಶಾಸ್ತ್ರದ ಹೆಸರುಗಳು ಸಂಶೋಧನೆ ಮುಂದುವರಿದಂತೆ ಬದಲಾಗುತ್ತವೆ. ನಮ್ಮ ಕರಿಜಾಲಿ ಬಹುಕಾಲ ಅಕೇಸಿಯ ಎನಿಸಿಕೊಂಡಿತ್ತು. ೨೦೦೫ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದ ತೀರ್ಮಾನದಿಂದ ಆ ಹೆಸರು ಆಸ್ಟ್ರೇಲಿಯದ ಮರಗಳ ಪಾಲಾಗಿ, ನಮ್ಮದು ವಾಚೆಲಿಯವಾಯಿತು. ಕರಿಜಾಲಿಯೆಂಬ ಹೆಸರು ಅಲ್ಲಾಡಲಿಲ್ಲ. ಹೊಂಗೆಯ ಶಾಸ್ತ್ರನಾಮವಾದ ಪೊಂಗೇಮಿಯ ಎಂಬುದು ಹುಟ್ಟಿದ್ದೇ ತಮಿಳು ಮಲೆಯಾಳಗಳ ಆಡುಹೆಸರಿನಿಂದ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ಬಲ್ಲವರಿಗೆ ಅದರೊಳಗೆ ನಮ್ಮ ಹೊಂಗೆಯೂ ಕೇಳಿಸುತ್ತದೆ.

ಆವರಣದ ಮರಗಳಿಗೆ ನಾಮಫಲಕ ಮಾಡಿಸಿಕೊಡುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ಬಿನ್ನಹ: ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆಯದೆ ಪಕ್ಕದಲ್ಲಿ ಕಂಬಕ್ಕೆ ಹಾಕಿಸಬೇಕು. ನಿರ್ಣಯವಾಗದ ಮರಕ್ಕೆ ಹೆಸರು ಬರೆಯುವ ಅವಸರ ಬೇಡ. ಒಂದು ಸಂಖ್ಯೆಯನ್ನಷ್ಟೇ ಬರೆಸಿ, ಅದೇ ಸಂಖ್ಯೆಯ ಹಾಳೆಯನ್ನು ಕಪಾಟಿನಲ್ಲಿಟ್ಟು, ಆ ಮರ ಹೂ ಬಿಟ್ಟ ದಿನ ಹಾಳೆಯನ್ನು ಹೊರತೆಗೆಯಬೇಕು. ಅದಕ್ಕೆ ಒಂದು ವರುಷ ಹಿಡಿದೀತು, ಮೂರು ವರುಷವೂ ಹಿಡಿದೀತು.